ಕಡಲ ತಡಿಯ ಬೆಳಕು

ಕನ್ನಡ ನಾಡಿನ ಪಶ್ಚಿಮದ ಅಂಚು ಕಡಲಿಗೆ ತೆರೆದುಕೊಂಡಿದೆ. ಉತ್ತರದಲ್ಲಿ ಕಾರವಾರದ ಬಳಿಯ ಮಾಜಾಳಿಯಿಂದ ಹಿಡಿದು ದಕ್ಷಿಣದಲ್ಲಿ ಮಂಗಳೂರಿನಾಚೆಯ ತಲಪಾಡಿಯವರೆಗೆ 300 ಕಿಲೋಮೀಟರಿಗೂ ಮಿಕ್ಕಿದ ಈ ತೀರದಲ್ಲಿ ಮರಳದಂಡೆಗಳುಂಟು, ನೀರಿಗೆ ಚಾಚಿದ ಬಂಡೆಗಳುಂಟು, ನದಿಗಳು ಸಾಗರವನ್ನು ಸೇರುವ ಅಳಿವೆಗಳುಂಟು, ದಡದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತ ನಡುಗಡ್ಡೆಗಳುಂಟು. ರಜಾದಿನದ ಸಂಜೆ ಇಲ್ಲಿನ ಹೆಸರಾದ ಯಾವ ದಂಡೆಗೆ ಹೋದರೂ ನೂರಾರು ಜನರು ಕೈಯಲ್ಲಿ ಕ್ಯಾಮರಾವನ್ನೋ ಮೊಬೈಲನ್ನೋ ಹಿಡಿದು ಪಡುವಣಕ್ಕೆ ಮುಖಮಾಡಿ ನಿಂತಿರುವುದು ಕಾಣುತ್ತದೆ. ಸೂರ್ಯನು ನೀರಿಗಿಳಿಯುತ್ತಾನೆ, ಎಲ್ಲರೂ ಹೆಚ್ಚುಕಡಿಮೆ ಒಂದೇ ಚಿತ್ರವನ್ನು ತೆಗೆಯುತ್ತಾರೆ, ಬಿಂಬವು ಮರೆಯಾದ ಕ್ಷಣವೇ ಬೆನ್ನು ತಿರುಗಿಸಿ ಹೊರಡುತ್ತಾರೆ. ಅದೇ ದಂಡೆಯಲ್ಲಿ ಅವರು ಬರುವ ಮುನ್ನ ಏನು ನಡೆದಿತ್ತು, ಹೋದ ಮೇಲೆ ಏನು ನಡೆಯಲಿದೆ ಎಂಬುದು ಅವರ ಅರಿವಿಗೆ ಬರುವುದೇ ಇಲ್ಲ. ಕರಾವಳಿಯ ಪ್ರಾಣಿ, ಸಸ್ಯ, ಆಕಾಶಗಳನ್ನು ಋತುಮಾನಕ್ಕೆ ತಕ್ಕಂತೆ ಚಿತ್ರಿಸಬೇಕೆನ್ನುವವನಿಗೆ ಒಂದು ಸಂಜೆ ಸಾಲದು. ಒಂದು ವರ್ಷವಾದರೂ ಬೇಕು.

‘ಫೋಟೋಗ್ರಫಿ’ ಎಂಬ ಪದವು ಬೆಳಕು ಮತ್ತು ಬರಹ ಎಂಬ ಅರ್ಥವುಳ್ಳ ಎರಡು ಗ್ರೀಕ್ ಶಬ್ದಗಳಿಂದ ಆದುದು. ಅದೇ ಕಲೆಯನ್ನು ನಮ್ಮವರು ‘ಛಾಯಾಗ್ರಹಣ’ವೆಂದು ಕರೆದರು. ಅವರು ಬೆಳಕನ್ನು ಹಿಡಿದರೆ ನಾವು ನೆರಳನ್ನು ಹಿಡಿದೆವು ಎಂದು ವಿನೋದಕ್ಕೆ ಹೇಳಬಹುದಾದರೂ ಸಂಸ್ಕೃತದಲ್ಲಿ ಛಾಯೆಯೆಂದರೆ ನೆರಳೂ ಹೌದು, ಕಾಂತಿಯೂ ಹೌದು. ಆದುದರಿಂದ ಈ ಹೆಸರು ಎಷ್ಟು ಮಾತ್ರಕ್ಕೂ ತಪ್ಪಲ್ಲ. 1839ರಲ್ಲಿ ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನವು ಜಗತ್ತಿಗೆ ತಿಳಿದಂದಿನಿಂದ ಉಪಕರಣಗಳು ಬಹುವಾಗಿ ಮಾರ್ಪಟ್ಟಿವೆ. ಬೆಳ್ಳಿಯ ಲವಣವನ್ನು ಲೇಪಿಸಿದ ಫಿಲ್ಮಿನ ಸ್ಥಾನದಲ್ಲಿ ಇಂದು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪುಟ್ಟ ಸಿಲಿಕಾನ್ ಫಲಕವಿದೆ. ಆದರೆ ಬೆಳಕು ಎಲ್ಲಿಂದ ಬೀಳುತ್ತಿದೆ, ನೆರಳು ಎತ್ತ ಚಾಚಿದೆ ಎಂದು ನೋಡುವ ಕೆಲಸವನ್ನು ಯಾವ ಯಂತ್ರವೂ ಮನುಷ್ಯನ ಪರವಾಗಿ ಮಾಡಿಕೊಟ್ಟಿಲ್ಲ. ಕರ್ನಾಟಕದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಹೆಸರಾದವರು. 1983ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಅವರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಅಂದರೆ ಬಿಸಿಲು ಮತ್ತು ನೆರಳುಗಳು, ಎಂದೇ ಹೆಸರಿಟ್ಟರು.

ಎಲ್ಲರಿಗೂ ಪ್ರಿಯವಾದ ಸೂರ್ಯಾಸ್ತದಿಂದಲೇ ತೊಡಗಬಹುದು. ಸೂರ್ಯನು ಪ್ರತಿದಿನವೂ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂಬುದು ಬಾಲ್ಯದಿಂದ ಕೇಳಿದ ಮಾತು. ಆದರೆ ಕರಾರುವಾಕ್ಕಾಗಿ ಪಶ್ಚಿಮದಲ್ಲಿ ಅವನು ಮುಳುಗುವುದು ವರ್ಷಕ್ಕೆ ಎರಡೇ ಬಾರಿ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ನಮ್ಮ ಕರಾವಳಿಯ ಅಕ್ಷಾಂಶದಲ್ಲಿ ಡಿಸೆಂಬರಿನ ಕೊನೆಗೆ ಅಸ್ತಮಾನದ ಬಿಂದುವು ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೂ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೂ ಸರಿದಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿಯಷ್ಟು ಕಾಣುವುದರಿಂದ, ಆರು ತಿಂಗಳಲ್ಲಿ ಸೂರ್ಯನು ಕ್ಷಿತಿಜದ ಮೇಲೆ ಹೆಚ್ಚುಕಡಿಮೆ ಐದು ಮುಷ್ಟಿಗಳಷ್ಟು ದೂರ ಸಂಚರಿಸುತ್ತಾನೆ ಎನ್ನಬಹುದು. ನೇರ ಪಶ್ಚಿಮಕ್ಕೆ ಒಂದು ನಡುಗಡ್ಡೆಯಿರುವ ದಂಡೆಯಲ್ಲಿ ನಿಂತವನಿಗೆ ಡಿಸೆಂಬರಿನ ಸೂರ್ಯನು ಅದರ ಎಡಕ್ಕೆ ಬಹುದೂರದಲ್ಲಿ ಮುಳುಗುತ್ತಾನೆ. ಮಾರ್ಚಿನಲ್ಲಿ ಅದರ ಬೆನ್ನ ಹಿಂದೆ ಇಳಿಯುತ್ತಾನೆ. ಮೇ ತಿಂಗಳಲ್ಲಿ ಬಲಕ್ಕೆ ದಾಟಿರುತ್ತಾನೆ. ಕಾಲವೂ ಹಾಗೆಯೇ ಬದಲಾಗುತ್ತದೆ. ಕಾರವಾರದಲ್ಲಿ ನವೆಂಬರಿನ ಕೊನೆಯ ವಾರ ಸಂಜೆ 6 ಗಂಟೆಯ ಸುಮಾರಿಗೆ ಮುಳುಗುವ ಸೂರ್ಯ, ಜುಲೈ ಮೊದಲ ವಾರದಲ್ಲಿ 7 ಗಂಟೆ ಕಳೆದ ಮೇಲೆ ಮುಳುಗುತ್ತಾನೆ. ಆಗ ಮೋಡದ ಮರೆಯಲ್ಲಿ ಅವನನ್ನು ಕಾಣುವವರು ವಿರಳ ಎಂಬುದು ಬೇರೆ ಮಾತು. ಪಂಚಾಂಗವನ್ನು ನೋಡದೆ ಹೊರಟ ಛಾಯಾಗ್ರಾಹಕನು ಒಳ್ಳೆಯ ಚಿತ್ರಕ್ಕಾಗಿ ಅದೃಷ್ಟವನ್ನು ನಂಬಬೇಕಾಗುತ್ತದೆ.

ಅಸ್ತಮಾನದ ಕೆಂಪಿಗೆ ಕಾರಣವನ್ನು 1871ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ರ್‍ಯಾಲೆ ವಿವರಿಸಿದನು. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ಹಲವು ಪಟ್ಟು ಹೆಚ್ಚಾಗಿ ಚದರಿಸುತ್ತವೆ. ಸೂರ್ಯನು ಕ್ಷಿತಿಜವನ್ನು ಮುಟ್ಟುವಾಗ ಅವನ ಕಿರಣವು, ನೆತ್ತಿಯ ಮೇಲಿರುವಾಗ ದಾಟುವುದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲೇ ನೀಲಿಯೆಲ್ಲ ಚದರಿಹೋಗಿ ಕೆಂಪು, ಕಿತ್ತಳೆಗಳು ಮಾತ್ರ ಉಳಿಯುತ್ತವೆ. ಕಡಲಿನ ನೀಲಿಯಾದರೋ ಆಕಾಶದ ಪ್ರತಿಬಿಂಬವೆಂದೇ ಬಹುಕಾಲ ತಿಳಿಯಲಾಗಿತ್ತು. 1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದ ಸಿ. ವಿ. ರಾಮನ್ನರು ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡು ಈ ವಿವರಣೆಯಿಂದ ತೃಪ್ತರಾಗಲಿಲ್ಲ. ಪ್ರತಿಬಿಂಬಿತ ಬೆಳಕನ್ನು ತಡೆಯುವ ಒಂದು ಸ್ಫಟಿಕದ ಮೂಲಕ ಅವರು ನೀರನ್ನು ನೋಡಿದರು, ನೀಲಿ ಮಾಸಲಿಲ್ಲ. ನೀರಿನ ಅಣುಗಳೂ ಬೆಳಕನ್ನು ಚದರಿಸುತ್ತವೆಂದು ಅವರು ತೋರಿಸಿಕೊಟ್ಟರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ಬಣ್ಣಕ್ಕೆ ಕಾರಣವೆಂದು ಇಂದು ತಿಳಿದಿದೆ. ಮುಂದೆ 1930ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಆ ಮಹನೀಯರ ಸಂಶೋಧನೆಗೆ ಹೀಗೆ ಒಂದು ಕಡಲ ನೋಟವೇ ಮೊದಲ ಪ್ರೇರಣೆಯಾಯಿತು.

ಬಿಂಬದ ಕೆಳಗಿನ ಅಂಚು ನೀರನ್ನು ಮುಟ್ಟಿದ ಮೇಲೆ ಅದು ಪೂರ್ತಿ ಮರೆಯಾಗಲು ನಮ್ಮ ಕರಾವಳಿಯಲ್ಲಿ ಎರಡು ನಿಮಿಷಗಳಿಗಿಂತ ತುಸು ಹೆಚ್ಚು ಸಮಯ ಸಾಕು. ಸೋಜಿಗವೆಂದರೆ, ಆ ಮುಟ್ಟುವ ಕ್ಷಣದಲ್ಲಿ ಸೂರ್ಯನು ವಾಸ್ತವವಾಗಿ ಕ್ಷಿತಿಜದ ಕೆಳಗೆ ಇಳಿದಾಗಿರುತ್ತದೆ. ವಾಯುಮಂಡಲವು ಕಿರಣಗಳನ್ನು ಬಾಗಿಸುವುದರಿಂದ ಬಿಂಬವು ಮೇಲಕ್ಕೆತ್ತಿದಂತೆ ಕಾಣುತ್ತದೆ. ಕೆಳಭಾಗದ ಕಿರಣಗಳು ಹೆಚ್ಚು ಬಾಗುವುದರಿಂದ ಅದು ತುಸು ಚಪ್ಪಟೆಯಾಗಿಯೂ ಕಾಣುತ್ತದೆ. ಈ ಚಪ್ಪಟೆತನವು ಚಿತ್ರದ ದೋಷವಲ್ಲ. ದೂರದರ್ಶಕ ಮಸೂರವನ್ನು ಜೋಡಿಸಿದ ಕ್ಯಾಮರಾದ ಗಾಜಿನ ಕಿಂಡಿಯಿಂದ ಪ್ರಖರ ಸೂರ್ಯನನ್ನು ನೋಡಬಾರದೆಂಬ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಕಾಗದವನ್ನು ಸುಡುವ ಭೂತಗನ್ನಡಿಯಂತೆ ಅದು ಕಣ್ಣಿನ ಅಕ್ಷಿಪಟಲವನ್ನು ಸುಡಬಲ್ಲದು. ಆ ಹಾನಿ ಶಾಶ್ವತವಾಗಬಹುದು. ಇನ್ನು ಬಿಂಬ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಕಾಯುವ ತಾಳ್ಮೆಯುಳ್ಳವನಿಗೆ ಹಲವು ದಿನ ಅದಕ್ಕಿಂತ ಚೆಲುವಾದ ನೋಟ ದೊರೆಯುತ್ತದೆ. ಆಗ ಎತ್ತರದ ಮೋಡಗಳಿಗೆ ಕೆಳಗಿನಿಂದ ಬೆಳಕು ತಾಗುತ್ತದೆ. ಅಲೆ ಹಿಂದೆ ಸರಿದ ಒದ್ದೆ ಮರಳು ಆ ಬಣ್ಣವನ್ನೆಲ್ಲ ಕನ್ನಡಿಯಂತೆ ಹಿಡಿಯುತ್ತದೆ. ಇರದ ಕೆಂಪನ್ನು ಗಣಕಯಂತ್ರದಲ್ಲಿ ಬಳಿದು, ಸೂರ್ಯನನ್ನು ತೆಂಗಿನ ತಲೆಯಷ್ಟು ಹಿಗ್ಗಿಸಿ ತೋರಿಸುವ ರೂಢಿ ಈಗ ಹಬ್ಬಿದೆ. ಅಂಥವುಗಳನ್ನು ಅಲಂಕಾರಕ್ಕೆ ಗೋಡೆಯಲ್ಲಿ ತೂಗುಹಾಕಬಹುದು, ಆ ದಿನದ ಆಕಾಶಕ್ಕೆ ಸಾಕ್ಷಿಯೆಂದು ಮಂಡಿಸುವಂತಿಲ್ಲ.

ಸಂಜೆಯ ಬೆಳಕು ಆಕಾಶಕ್ಕೆ ಒಪ್ಪುವಷ್ಟು ಹಕ್ಕಿಗಳಿಗೆ ಒಪ್ಪುವುದಿಲ್ಲ. ಪಶ್ಚಿಮಕ್ಕೆ ಮುಖಮಾಡಿದ ದಂಡೆಯಲ್ಲಿ ಸಂಜೆ ಹಕ್ಕಿಯ ಹಿಂದೆ ಸೂರ್ಯನಿರುತ್ತಾನೆ. ಆದ್ದರಿಂದ ಅದು ಕರಿಯ ಆಕೃತಿಯಾಗಿ ಮಾತ್ರ ಮೂಡುತ್ತದೆ. ಬೆಳಗ್ಗೆಯಾದರೆ ಬಿಸಿಲು ಘಟ್ಟದ ಕಡೆಯಿಂದ, ಛಾಯಾಗ್ರಾಹಕನ ಬೆನ್ನ ಹಿಂದಿನಿಂದ ಬಂದು ಕಡಲಂಚಿನ ಪ್ರತಿಯೊಂದು ಗರಿಯನ್ನೂ ಬೆಳಗುತ್ತದೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಇಂತಹ ಮುಂಜಾವುಗಳಿಗೆ ಬರವಿಲ್ಲ, ಹಕ್ಕಿಗಳಿಗೂ ಬರವಿಲ್ಲ. ಟಿಬೆಟ್ ಮತ್ತು ಲಡಾಖಿನಂತಹ ಎತ್ತರದ ಸೀಮೆಗಳ ಸರೋವರಗಳಲ್ಲಿ ಮರಿಮಾಡುವ ಕಂದುತಲೆಯ ಕಡಲಕಾಗೆಗಳು ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ನಮ್ಮ ಮೀನುಗಾರಿಕೆಯ ಬಂದರುಗಳಿಗೆ ಬಂದಿಳಿಯುತ್ತವೆ. ಚಳಿಗಾಲದಲ್ಲಿ ಈ ಹಕ್ಕಿಯ ತಲೆ ಕಂದಾಗಿರುವುದಿಲ್ಲ, ಬಿಳಿಯಾಗಿರುತ್ತದೆ! ಕಣ್ಣಿನ ಹಿಂದೆ ಒಂದು ಮಸಿಯ ಬೊಟ್ಟು ಮಾತ್ರ ಉಳಿದಿರುತ್ತದೆ. ಫೆಬ್ರವರಿ, ಮಾರ್ಚ್‌ಗಳಲ್ಲಿ ಹೊಸ ಗರಿಗಳು ಮೂಡುತ್ತ, ಮರಳಿ ಹೊರಡುವ ವೇಳೆಗೆ ಅದು ಕಂದು ಕುಲಾವಿಯನ್ನು ತೊಟ್ಟಂತಾಗುತ್ತದೆ. ಒಂದೇ ಬಂದರಿನಲ್ಲಿ ಹದಿನೈದು ದಿನಗಳಿಗೊಮ್ಮೆ ತೆಗೆದು ದಿನಾಂಕ ಬರೆದಿಟ್ಟ ಹತ್ತು ಸಾಧಾರಣ ಚಿತ್ರಗಳು ಈ ಮಾರ್ಪಾಟನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವು. ದಿನಾಂಕವಿಲ್ಲದ ಹತ್ತು ಉತ್ತಮ ಚಿತ್ರಗಳಿಗೆ ಆ ಸಾಮರ್ಥ್ಯವಿಲ್ಲ.

ಇದರ ಜೊತೆಯಲ್ಲೇ ಕರಿತಲೆಯ ಕಡಲಕಾಗೆಯೂ ಬರುತ್ತದೆ. ಚಳಿಗಾಲದಲ್ಲಿ ಇದರ ತಲೆಯೂ ಬಿಳಿಯೇ ಆದುದರಿಂದ ಎರಡನ್ನೂ ಬೇರ್ಪಡಿಸುವುದು ಹೊಸಬರಿಗೆ ಕಷ್ಟ. ಹಾರುವಾಗ ರೆಕ್ಕೆ ಬಿಚ್ಚಿದ ಒಂದು ಸ್ಪಷ್ಟ ಚಿತ್ರ ದೊರೆತರೆ ಸಂದೇಹ ಪರಿಹಾರವಾಗುತ್ತದೆ. ಬೆಳೆದ ಕಂದುತಲೆಯ ಹಕ್ಕಿಯ ರೆಕ್ಕೆಯ ತುದಿ ಅಗಲವಾಗಿ ಕಪ್ಪು. ಅದರೊಳಗೆ ಬಿಳಿಯ ಮಚ್ಚೆಗಳಿರುತ್ತವೆ. ಕರಿತಲೆಯದರ ರೆಕ್ಕೆಯ ಮುಂಚೂಣಿಯಲ್ಲಿ ಬಿಳಿಯ ಪಟ್ಟಿಯಿದ್ದು ಹಿಂದಿನ ಅಂಚು ಮಾತ್ರ ಕಪ್ಪು. ಅಲೆಯ ಅಂಚಿನಲ್ಲಿ ಗುಂಪುಗುಂಪಾಗಿ ಓಡಿ ಥಟ್ಟನೆ ನಿಲ್ಲುವ ಪುಟ್ಟ ಮರಳುಗೊರವಗಳ ಕಥೆಯೂ ಇಂಥದೇ. ಬರುವಾಗ ಮರಳಿನ ಬಣ್ಣದ ಅವುಗಳ ಎದೆಯ ಮೇಲೆ ಹೋಗುವಾಗ ಇಟ್ಟಿಗೆಯ ಕೆಂಪು ಹರಡಿರುತ್ತದೆ. ಸಾವಿರಾರು ಕಿಲೋಮೀಟರುಗಳ ಮರುಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಅವು ಇಲ್ಲಿಯ ಹುಳುಗಳನ್ನೂ ಸಣ್ಣ ಏಡಿಗಳನ್ನೂ ತಿಂದು ಶೇಖರಿಸಿಕೊಳ್ಳಬೇಕು. ಹಾರುವ ಗುಂಪಿನ ಚಿತ್ರ ಬೇಕೆಂದು ಅವುಗಳ ಮೇಲೆ ಓಡಿಹೋಗುವವರು ಉಂಟು. ಒಮ್ಮೆ ಎಬ್ಬಿಸಿದರೆ ಒಂದು ತುತ್ತು ಹೋಯಿತು. ದಿನವಿಡೀ ಹತ್ತು ಜನ ಎಬ್ಬಿಸಿದರೆ ಪ್ರಯಾಣದ ಬುತ್ತಿಗೇ ಕುತ್ತು ಬಂದಂತೆ. ಮರಳಿನ ಮೇಲೆ ಅಂಗಾತ ಕ್ಯಾಮರಾ ಇಟ್ಟು, ಎದೆಯೂರಿ ಮಲಗಿ ಅಲುಗಾಡದೆ ಕಾಯುವವನ ಬಳಿಗೆ ಅವು ತಾವಾಗಿಯೇ ಮೇಯುತ್ತ ಬರುವುದುಂಟು. ಹಕ್ಕಿಯ ಕಣ್ಣಿನ ಮಟ್ಟದಲ್ಲಿ ತೆಗೆದ ಅಂತಹ ಚಿತ್ರದಲ್ಲಿ ಹಿನ್ನೆಲೆಯ ಅಲೆಗಳು ಮಸುಕಾಗಿ ಹಕ್ಕಿಯೊಂದೇ ಎದ್ದು ಕಾಣುತ್ತದೆ.

ಬೆಳಕಿನ ಅಳತೆಯ ತೊಡಕನ್ನು ಕಲಿಸುವುದಕ್ಕೆ ಕಡಲಬಕಕ್ಕಿಂತ ಒಳ್ಳೆಯ ಗುರುವಿಲ್ಲ. ಬಂಡೆಗಳ ಮೇಲೆ ಮೀನಿಗೆ ಹೊಂಚುವ ಈ ಹಕ್ಕಿಯಲ್ಲಿ ಬೂದುಗಪ್ಪು ಮತ್ತು ಅಚ್ಚ ಬಿಳುಪು ಎಂಬ ಎರಡು ರೂಪಗಳಿವೆ. ಎರಡೂ ಒಂದೇ ಜಾತಿ. ಕ್ಯಾಮರಾದ ಬೆಳಕಳೆಯುವ ಸಾಧನವು ತನ್ನೆದುರಿನ ಜಗತ್ತೆಲ್ಲ ಸರಾಸರಿ ಬೂದುಬಣ್ಣದ್ದೆಂದು ಎಣಿಸಿ ಲೆಕ್ಕಹಾಕುತ್ತದೆ. ಬಿಳಿಯ ಹಕ್ಕಿ ಚೌಕಟ್ಟನ್ನು ತುಂಬಿದರೆ ಅದನ್ನು ಕೊಳೆಯಾದ ಬಟ್ಟೆಯಂತೆಯೂ, ಕರಿಯ ಹಕ್ಕಿ ತುಂಬಿದರೆ ಅದನ್ನು ಮಾಸಿದ ಇದ್ದಿಲಿನಂತೆಯೂ ಮಾಡಿಬಿಡುತ್ತದೆ. ಮೊದಲನೆಯದಕ್ಕೆ ಬೆಳಕನ್ನು ತುಸು ಹೆಚ್ಚಿಸಬೇಕು, ಎರಡನೆಯದಕ್ಕೆ ತುಸು ತಗ್ಗಿಸಬೇಕು. ಎರಡೂ ಒಂದೇ ಬಂಡೆಯ ಮೇಲೆ ಅಕ್ಕಪಕ್ಕದಲ್ಲಿ ನಿಂತರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಛಾಯಾಗ್ರಾಹಕನೇ ನಿರ್ಧರಿಸಬೇಕು.

ದಂಡೆಯ ಸಸ್ಯಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಅಲೆಯ ಎಲ್ಲೆ ಮುಗಿದ ಕೂಡಲೇ ಮರಳಿನ ಮೇಲೆ ಹಬ್ಬಿರುವ ಅಡುಂಬು ಬಳ್ಳಿಯನ್ನು ತುಳಿದುಕೊಂಡೇ ಎಲ್ಲರೂ ನೀರಿಗಿಳಿಯುತ್ತಾರೆ. ಆಡಿನ ಗೊರಸಿನಂತೆ ಸೀಳಿದ ಎಲೆ, ಬೆಳಗ್ಗೆ ಅರಳಿ ಅದೇ ದಿನ ಬಾಡುವ ನಸುನೇರಳೆಯ ಕಹಳೆಯಾಕಾರದ ಹೂ, ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದು ನಿಲ್ಲಿಸುವ ಕಾಂಡ, ಇವು ಅದರ ಲಕ್ಷಣಗಳು. ಹೂವಿನ ಚಿತ್ರಕ್ಕೆ ಹತ್ತು ಗಂಟೆಯೊಳಗಿನ ಬೆಳಕು ಉತ್ತಮ. ಮಧ್ಯಾಹ್ನಕ್ಕೆ ಹೋದವನಿಗೆ ಮುದುಡಿದ ದಳಗಳು ಕಾಣುತ್ತವೆ. ಅದರ ಹಿಂದೆ ಕೆಲವರು ರಾವಣನ ಮೀಸೆಯೆಂದು ಕರೆಯುವ ಮುಳ್ಳುಹುಲ್ಲು ಬೆಳೆಯುತ್ತದೆ. ಅದರ ಚೆಂಡಿನಂತಹ ತೆನೆ ಒಣಗಿ ಕಳಚಿ, ಗಾಳಿಗೆ ಸಿಕ್ಕಿ ಮರಳಿನ ಮೇಲೆ ಉರುಳುತ್ತ ಬೀಜ ಬಿತ್ತುತ್ತದೆ. ಇನ್ನೂ ಹಿಂದೆ ಕೇದಗೆಯ ಮೆಳೆ, ಸುರಹೊನ್ನೆಯ ಮರ. ಕಡಲಿನಿಂದ ಒಳನಾಡಿಗೆ ಸಾಲುಸಾಲಾಗಿ ನಿಂತ ಈ ಕಾವಲಿನ ಪಡೆಯನ್ನು ಒಂದೇ ಚಿತ್ರದಲ್ಲಿ ಅಡಕಗೊಳಿಸಲು ದಂಡೆಗೆ ಸಮಾನಾಂತರವಾಗಿ ನಿಲ್ಲಬೇಕು.

ಜೂನ್ ತಿಂಗಳೊಡನೆ ದೃಶ್ಯವೇ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ಬಂದರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಮುಂಗಾರಿನ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ಕಡಲೊಳಗೆ ದಿಬ್ಬಗಳಾಗಿ ಒಟ್ಟುತ್ತವೆ. ಅಕ್ಟೋಬರಿನ ಬಳಿಕ ಶಾಂತವಾದ ಅಲೆಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ತಂದಷ್ಟು ಸಾಲದೆ ಹೋದಾಗ ದಂಡೆ ಸವೆಯುತ್ತದೆ. ಉಳ್ಳಾಲದಂತಹ ಕಡೆಗಳಲ್ಲಿ ಹಲವು ಮಳೆಗಾಲಗಳಲ್ಲಿ ಮನೆ, ತೋಟಗಳು ಕಡಲಿನ ಪಾಲಾಗಿವೆ. ಮೇ ತಿಂಗಳಲ್ಲಿ, ಆಗಸ್ಟಿನಲ್ಲಿ, ಜನವರಿಯಲ್ಲಿ ಒಂದೇ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ತೆಗೆದ ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮರಳಿನ ಈ ಹೋಗಿಬರುವಿಕೆ ಯಾರಿಗೂ ತಿಳಿಯುತ್ತದೆ. ಉಪ್ಪಿನ ಹನಿಗಳಿಂದ ಕೂಡಿದ ಮಳೆಗಾಳಿ ಕ್ಯಾಮರಾಕ್ಕೆ ಪರಮ ವೈರಿ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅದರ ಹೊರಮೈಯನ್ನು ಒರೆಸಬೇಕು.

ಮಳೆಗಾಲದ ಕೊನೆಗೆ, ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಕಡಲಿಗೆ ಬೆನ್ನು ಹಾಕಿ ಗುಡ್ಡ ಏರುವುದು ಲಾಭದಾಯಕ. ಭಟ್ಕಳ, ಬೈಂದೂರುಗಳ ಸುತ್ತಿನ ಜಂಬಿಟ್ಟಿಗೆಯ ಬೋಳು ಹಾಸುಗಳು ಬೇಸಗೆಯಲ್ಲಿ ಕಾದ ಹಂಚಿನಂತಿರುತ್ತವೆ. ಈ ಬಗೆಯ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು, 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್. ಮಳೆ ನಿಂತ ಇದೇ ಹಾಸುಗಳ ಮೇಲೆ ಒಂದೆರಡು ಅಂಗುಲ ಮಣ್ಣಿನಲ್ಲಿ ‘ಸೀತೆಯ ಅಶ್ರು’ ಎಂಬ ನೀಲಿ ಹೂಗಳು ನೆಲಕ್ಕೆ ಬಣ್ಣ ಹೊಯ್ದಂತೆ ಅರಳುತ್ತವೆ. ಹೆಸರು ಕರುಣಾಜನಕ, ಗಿಡ ಮಾತ್ರ ಬೇಟೆಗಾರ. ಸತ್ತ್ವವಿಲ್ಲದ ನೆಲದಲ್ಲಿ ಬದುಕಬೇಕಾದುದರಿಂದ ಅದು ಸಾಸಿವೆಗಿಂತ ಕಿರಿದಾದ ಚೀಲಗಳನ್ನು ಬೆಳೆಸಿಕೊಂಡು, ಒದ್ದೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಒಳಕ್ಕೆ ಹೀರಿಕೊಳ್ಳುತ್ತದೆ. ಚಿತ್ರಕ್ಕಾಗಿ ಮಂಡಿಯೂರುವ ಮುನ್ನ ಮಂಡಿಯ ಕೆಳಗೆ ಏನಿದೆಯೆಂದು ನೋಡುವುದು ಇಲ್ಲಿ ಅಗತ್ಯ. ಕೆಲವೇ ವಾರ ಬಾಳುವ ಈ ತೋಟವು ಒಂದು ಗುಂಪಿನ ಚಪ್ಪಲಿಗಳಡಿ ಅರ್ಧ ಗಂಟೆಯಲ್ಲಿ ನಾಶವಾಗಬಲ್ಲದು.

ಅಳಿವೆಗಳ ಬದಿಯಲ್ಲಿ ಬೆಳೆಯುವ ಕಾಂಡ್ಲಾ ವನಗಳು ಮತ್ತೊಂದು ಲೋಕ. ಬಿಲ್ಲಿನಂತೆ ಬಾಗಿದ ಊರುಗೋಲು ಬೇರುಗಳನ್ನು ಊರಿ ನಿಂತ ಈ ಮರಗಳ ಕೆಲವು ಜಾತಿಗಳಲ್ಲಿ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ನೇತಾಡುತ್ತದೆ. ಇನ್ನು ಕೆಲವು ಜಾತಿಗಳ ಬೇರುಗಳು ಉಸಿರಾಡುವುದಕ್ಕಾಗಿ ಕೆಸರಿನಿಂದ ಮೇಲಕ್ಕೆ ಮೊಳೆಗಳಂತೆ ಚುಚ್ಚಿಕೊಂಡಿರುತ್ತವೆ. ನೀರು ತುಂಬಿದಾಗ ಇವೊಂದೂ ಕಾಣುವುದಿಲ್ಲ. ಉಬ್ಬರವಿಳಿತಗಳು ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ, ಇಳಿತವು ಮುಂಜಾವಿನ ಬೆಳಕಿನೊಡನೆ ಕೂಡುವ ದಿನಗಳನ್ನು ಲೆಕ್ಕಹಾಕಿ ಆರಿಸಿಕೊಳ್ಳಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಅತ್ಯಂತ ಕೆಳಕ್ಕೆ ಇಳಿಯುತ್ತದೆ. ಕುಮಟೆಯ ಬಳಿಯ ಅಘನಾಶಿನಿ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಅಲ್ಲಿ ಇಳಿತದ ವೇಳೆಗೆ ಹಳ್ಳಿಗರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚನ್ನು ಹೆಕ್ಕುತ್ತಾರೆ. ಬಕಗಳೂ ಗೊರವಗಳೂ ಅನತಿ ದೂರದಲ್ಲಿ ತಮ್ಮ ಪಾಲನ್ನು ಹೆಕ್ಕುತ್ತವೆ. ಮನುಷ್ಯರನ್ನು ಚೌಕಟ್ಟಿನಿಂದ ಹೊರಗಿಟ್ಟು ‘ಶುದ್ಧ ಪ್ರಕೃತಿ’ಯನ್ನು ಚಿತ್ರಿಸಬೇಕೆಂಬ ಹಠವು ಇಂತಹ ಸ್ಥಳದಲ್ಲಿ ಅರ್ಧಸತ್ಯವನ್ನೇ ಹೇಳುತ್ತದೆ.

ಮತ್ತೆ ನವೆಂಬರ್ ಬರುತ್ತದೆ. ಕೆಲವು ವರ್ಷ ಈ ದಿನಗಳ ರಾತ್ರಿಯಲ್ಲಿ ಅಲೆಗಳು ಒಡೆಯುವಾಗ ನೀಲಿಯಾಗಿ ಮಿನುಗುತ್ತವೆ. ನೀರಿನಲ್ಲಿ ಅಸಂಖ್ಯವಾಗಿ ಹೆಚ್ಚಿದ ಏಕಕೋಶ ಜೀವಿಗಳು ಕಲಕಿದಾಗ ಸೂಸುವ ಬೆಳಕು ಅದು. ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ನಿಲ್ಲಿಸಿ, ಹಲವು ಸೆಕೆಂಡುಗಳ ಕಾಲ ಅದರ ಕಣ್ಣನ್ನು ತೆರೆದಿಟ್ಟರೆ ಆ ಮಿನುಗು ಚಿತ್ರದಲ್ಲಿ ಮೂಡುತ್ತದೆ. ಆದರೆ ಸಮೀಪದ ದೀಪಸ್ತಂಭವೊಂದು ಉರಿಯುತ್ತಿದ್ದರೆ ಬರಿಗಣ್ಣಿಗೂ ಅದು ಕಾಣುವುದು ಕಷ್ಟ.

ದೀಪದಿಂದ ಇದಕ್ಕಿಂತ ದೊಡ್ಡ ಹಾನಿಗೆ ಗುರಿಯಾಗುವ ಜೀವಿಯೊಂದುಂಟು. ನವೆಂಬರಿನಿಂದ ಮಾರ್ಚಿನವರೆಗೆ ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು, ಕುಂದಾಪುರದಾಚೆಯ ಮರವಂತೆ ಮುಂತಾದ ಕಡೆಗಳ ಮರಳದಂಡೆಗಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಒಡಿಶಾದ ತೀರದಲ್ಲಿ ಲಕ್ಷಗಟ್ಟಲೆ ಆಮೆಗಳು ಒಮ್ಮೆಗೇ ಬರುವಂತೆ ಇಲ್ಲಿ ಬರುವುದಿಲ್ಲ. ಒಂದೊಂದಾಗಿ, ಕತ್ತಲಲ್ಲಿ, ಯಾರಿಗೂ ತಿಳಿಯದಂತೆ ಬರುತ್ತವೆ. ನೀರಿನಿಂದ ಮೇಲೆ ತೆವಳಿ ಬಂದ ಹೆಣ್ಣಾಮೆಯು ಹಿಂಗಾಲುಗಳಿಂದ ಹೂಜಿಯ ಆಕಾರದ ಗುಣಿಯನ್ನು ತೋಡಿ, ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಸುಮಾರು ಒಂದು ಗಂಟೆಯೊಳಗೆ ಕಡಲಿಗೆ ಮರಳುತ್ತದೆ. ಮೊಟ್ಟೆಗಳಿಗೆ ಕಾವು ಕೊಡುವುದು ಮರಳೇ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಮರಿಗಳು, ತಂಪಾಗಿದ್ದರೆ ಗಂಡುಮರಿಗಳು ಅಧಿಕವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸೇರಿರುವ ಈ ಪ್ರಾಣಿಯನ್ನಾಗಲಿ ಅದರ ಮೊಟ್ಟೆಯನ್ನಾಗಲಿ ಮುಟ್ಟುವುದು ಅಪರಾಧ. ದಂಡೆಯಲ್ಲಿ ಗೂಡನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಮೀನುಗಾರರು. ಅವರು ತಿಳಿಸಿದ ಗೂಡುಗಳಿಗೆ ಅರಣ್ಯ ಇಲಾಖೆಯವರು ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ.

ಮೊಟ್ಟೆಯಿಡುವ ಮುನ್ನ ದಂಡೆಯನ್ನೇರುತ್ತಿರುವ ಆಮೆಯ ಮೇಲೆ ದೀಪ ಬಿದ್ದರೆ ಅದು ಬೆದರಿ ಹಿಂದಿರುಗಿಬಿಡಬಹುದು. ಮರಿಗಳ ಸ್ಥಿತಿ ಇನ್ನೂ ಸೂಕ್ಷ್ಮ. 45ರಿಂದ 60 ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ಮೇಲಿನ ಮರಳು ತಣ್ಣಗಾಗುವುದನ್ನು ಕಾದು, ಹೆಚ್ಚಾಗಿ ರಾತ್ರಿಯಲ್ಲಿ ಒಟ್ಟಾಗಿ ಹೊರಬರುತ್ತವೆ. ಅವುಗಳಿಗೆ ದಾರಿ ತೋರಿಸುವ ತಾಯಿಯಿಲ್ಲ. ಮರಗಿಡಗಳ ಕತ್ತಲೆಯ ಗೋಡೆಯಿರುವ ನೆಲದ ಕಡೆಗಿಂತ, ನಕ್ಷತ್ರ ಚಂದ್ರರ ಬೆಳಕನ್ನು ಹೊಳೆಯಿಸುವ ತೆರೆದ ಕಡಲಿನ ಕ್ಷಿತಿಜವು ಹೆಚ್ಚು ಬೆಳಗಿರುತ್ತದೆ. ಬೆಳಕಿರುವ ಕಡೆಗೆ ತೆವಳಬೇಕೆಂಬ ಒಂದೇ ಹುಟ್ಟುಗುಣವನ್ನು ನಂಬಿ ಅವು ಹೊರಡುತ್ತವೆ. ಲಕ್ಷಾಂತರ ವರ್ಷ ಆ ನಂಬಿಕೆ ಹುಸಿಯಾಗಿರಲಿಲ್ಲ. ಈಗ ನೆಲದ ಕಡೆಯಲ್ಲಿ ಹೆದ್ದಾರಿಯ ದೀಪಗಳಿವೆ, ವಿಹಾರಗೃಹಗಳ ದೀಪಗಳಿವೆ, ಅಪರೂಪದ ಚಿತ್ರಕ್ಕಾಗಿ ಹಾತೊರೆದು ಬಂದವನ ಕೈಯಲ್ಲಿನ ಮಿಂಚುದೀಪವಿದೆ. ದಾರಿ ತಪ್ಪಿದ ಮರಿ ಬೆಳಗಾಗುವುದರೊಳಗೆ ನಾಯಿಗೋ ನರಿಗೋ ಕಾಗೆಗೋ ತುತ್ತಾಗುತ್ತದೆ. ಇಲ್ಲವೆ ಬಿಸಿಲೇರಿದಾಗ ಒಣಗಿ ಸಾಯುತ್ತದೆ. ಆದುದರಿಂದಲೇ ಆಮೆಯ ಗೂಡಿನ ಬಳಿ ಮಿಂಚುದೀಪ, ಟಾರ್ಚ್, ಮೊಬೈಲಿನ ದೀಪಗಳೊಂದನ್ನೂ ಬಳಸಬಾರದೆಂಬ ನಿಯಮವಿದೆ. ಮರಿಗಳು ಕಡಲಿಗಿಳಿಯುವ ಆ ಹತ್ತಿಪ್ಪತ್ತು ನಿಮಿಷಗಳು ಕರಾವಳಿಯ ಅತ್ಯಂತ ಮನೋಹರ ದೃಶ್ಯಗಳಲ್ಲಿ ಒಂದು. ಬಲ್ಲ ಛಾಯಾಗ್ರಾಹಕನು ಕ್ಯಾಮರಾವನ್ನು ಚೀಲದಲ್ಲಿಟ್ಟು ಕತ್ತಲಲ್ಲಿ ಕುಳಿತು ಅದನ್ನು ಕಣ್ಣಿನಿಂದ ಮಾತ್ರ ನೋಡುತ್ತಾನೆ.

ಅವನ ಕೆಲಸವಿರುವುದು ಮರುದಿನ ಮುಂಜಾನೆ. ಮೂಡಣದ ತೆಂಗಿನ ತೋಪುಗಳ ಮೇಲಿಂದ ಬಿಸಿಲು ಓರೆಯಾಗಿ ಮರಳಿಗೆ ತಾಗಿದಾಗ, ರಾತ್ರಿಯೆಲ್ಲ ನಡೆದುದರ ಲಿಪಿ ಅಲ್ಲಿ ತೆರೆದುಕೊಂಡಿರುತ್ತದೆ. ಹೆಣ್ಣಾಮೆ ಬಂದು ಹೋಗಿದ್ದರೆ ಸುಮಾರು ಮುಕ್ಕಾಲು ಮೀಟರು ಅಗಲದ ಜಾಡು ಕಡಲಿನಿಂದ ಮೇಲೇರಿ, ಕದಡಿದ ಮರಳಿನ ಬಳಿ ತಿರುಗಿ, ಮತ್ತೆ ಕಡಲಿಗಿಳಿದಿರುತ್ತದೆ. ಎಡಗಾಲು ಬಲಗಾಲುಗಳ ಗುರುತು ಒಂದಾದ ಮೇಲೊಂದು ಬಿದ್ದಿರುವುದು ಆಲಿವ್ ರಿಡ್ಲಿಯ ಚಿಹ್ನೆ. ಮರಿಗಳು ಹೊರಬಂದಿದ್ದರೆ ಗೂಡಿನ ಬಾಯಿಂದ ಬೆರಳ ಅಗಲದ ನೂರಾರು ಗೆರೆಗಳು ಹೊರಟಿರುತ್ತವೆ. ಎಲ್ಲವೂ ಕಿರಿದಾದ ಬೀಸಣಿಗೆಯಂತೆ ಕಡಲಿನತ್ತ ಬಿಚ್ಚಿಕೊಂಡಿದ್ದರೆ ಅವು ದಾರಿ ತಪ್ಪಲಿಲ್ಲವೆಂದು ಅರ್ಥ. ಬೀಸಣಿಗೆ ಅಗಲವಾದಷ್ಟೂ, ಗೆರೆಗಳು ಬಳಸಿ ತಿರುಗಿ ರಸ್ತೆಯತ್ತ ವಾಲಿದಷ್ಟೂ ಯಾವುದೋ ದೀಪ ಅವುಗಳನ್ನು ಎಳೆದಿದೆಯೆಂದು ತಿಳಿಯಬೇಕು. ಸಂಶೋಧಕರು ಈ ಬೀಸಣಿಗೆಯ ಕೋನವನ್ನೇ ಅಳೆದು ದಂಡೆಯ ದೀಪಗಳ ಪರಿಣಾಮವನ್ನು ಗೊತ್ತುಮಾಡುತ್ತಾರೆ. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು, ದಿನಾಂಕ, ಸ್ಥಳ, ಎದುರಿಗೆ ಕಾಣುವ ದೀಪಸ್ತಂಭಗಳನ್ನು ಗುರುತುಹಾಕಿಕೊಂಡು ತೆಗೆದ ಅಂತಹ ಚಿತ್ರವೊಂದು, ಯಾವ ದೀಪವನ್ನು ಆರಿಸಬೇಕು, ಯಾವುದಕ್ಕೆ ಮರೆ ಕಟ್ಟಬೇಕು ಎಂದು ಕೇಳಲು ಊರವರ ಕೈಗೆ ಆಧಾರವಾಗುತ್ತದೆ.

ಜಾಡನ್ನು ಮೆಟ್ಟದೆ, ಬೆಳಕು ಪಕ್ಕದಿಂದ ಬೀಳುವಂತೆ ನಿಂತು, ಕ್ಯಾಮರಾವನ್ನು ಆದಷ್ಟು ಕೆಳಗೆ ಹಿಡಿಯಬೇಕು. ಆಗ ಪ್ರತಿಯೊಂದು ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಬಿಸಿಲು ಮೇಲೇರಿದಂತೆ ನೆರಳು ಕರಗಿ ಗೆರೆಗಳು ಅಳಿಸಿಹೋದಂತೆ ಕಾಣುತ್ತವೆ. ಒಂಬತ್ತು ಗಂಟೆಯ ವೇಳೆಗೆ ಗಾಳಿ ಏಳುತ್ತದೆ, ನಡೆದಾಡುವವರು ಬರುತ್ತಾರೆ. ಉಳಿದುದನ್ನು ಮುಂದಿನ ಉಬ್ಬರ ಒರೆಸಿಕೊಂಡು ಹೋಗುತ್ತದೆ.